ರೋಶನಬಿಯ ಮೂರು ನಿಮಿಷದ ಹಾದಿ

ರೋಶನಬಿಯ ಬೆರಳುಗಳು ಕಪ್ಪು ಎಂದು ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಕಂಡಾಗ ಅವು ಎಲ್ಲರ ಬೆರಳಿನ ಹಾಗೆಯೇ ಇದ್ದವು. ೧೯೭೧ರ ಮಳೆಗಾಲದಲ್ಲಿ ವಿಜಾಪುರದ ಅಂಚೆ ಕಚೇರಿಗೆ ವರ್ಗವಾಗಿ ಬಂದು, ತಾಜಬಾವಡಿಯ ಹಿಂದಿನ ಓಣಿಯಲ್ಲಿ ಆಕೆಯ ಮನೆಯ ಮಾಳಿಗೆ ಕೋಣೆಯನ್ನು ಬಾಡಿಗೆಗೆ ಹಿಡಿದಾಗ, ಪಕ್ಕದ ಮನೆಯ ಪೀರಾಂಬಿ ನನಗೆ ಕೊಟ್ಟ ಮೊದಲ ಎಚ್ಚರಿಕೆಯೇ ಅದು. ಹೆಂಗಸು ಒಳ್ಳೆಯವಳು, ಆದರೆ ಕೈ ನೋಡಿ ಹೆದರಬೇಡಿ ಎಂದಿದ್ದಳು. ಹೆದರಲು ಸಿದ್ಧನಾಗಿಯೇ ಹೋದೆ. ಕೀಲಿ ಕೊಟ್ಟ ಕೈ ಬೆಳ್ಳಗೆ, ಸುಕ್ಕಾಗಿ, ತೀರ ಸಾಧಾರಣವಾಗಿತ್ತು. ನನಗೆ ಸ್ವಲ್ಪ ನಿರಾಶೆಯೇ ಆಯಿತು.

ನನ್ನ ಹೆಸರು ಪ್ರಲ್ಹಾದ. ಪತ್ರ ವಿಂಗಡಿಸುವ ಗುಮಾಸ್ತ. ಊರಿನ ಹೆಸರನ್ನು ತಪ್ಪಾಗಿ ಬರೆದ ಕಾರ್ಡು ಕಂಡರೆ ಕೆಂಪು ಶಾಯಿಯಿಂದ ತಿದ್ದದೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ನಾನು ಬಹಳ ದಿನ ಸದ್ಗುಣವೆಂದೇ ತಿಳಿದಿದ್ದೆ. ರೋಶನಬಿಯ ಕಥೆಯಲ್ಲಿ ಈ ಗುಣಕ್ಕೂ ಒಂದು ಪಾಲಿದೆ, ಅದಕ್ಕೇ ಮೊದಲು ಹೇಳಿಬಿಟ್ಟಿದ್ದೇನೆ.

ಬೆರಳಿನ ಕಪ್ಪು ಬಂದದ್ದು ಬೆಳ್ಳಿಯಿಂದ. ಆಕೆಯ ಗಂಡ ದಾದಾಸಾಬ ಊರೂರು ತಿರುಗಿ ಫೋಟೋ ತೆಗೆಯುವವನು. ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆಯ ಕ್ಯಾಮರಾ, ಮುಂದೆ ಗಾಜಿನ ಪ್ಲೇಟುಗಳ ಚೀಲ. ತಿಕೋಟಾ, ಬಬಲೇಶ್ವರದ ಕಡೆಯ ಊರುಗಳಲ್ಲಿ ಮದುವೆಯಾದವರನ್ನೂ ಮಠದ ಅಯ್ಯಗಳನ್ನೂ ಹೊಸ ಎತ್ತು ತಂದವರನ್ನೂ ಕೂಡಿಸಿ, ನಿಲ್ಲಿಸಿ, ಉಸಿರು ಬಿಗಿಹಿಡಿಸಿ ತೆಗೆದವನು ಅವನೇ. ಊರಿನ ಸ್ಟುಡಿಯೋಗಳವರೆಲ್ಲ ಅಂಗಡಿಯ ಸಿದ್ಧ ಕಾಗದಕ್ಕೆ ಬದಲಾದರೂ ಅವನು ಮಾತ್ರ ತನ್ನ ಉಸ್ತಾದ ಕಲಿಸಿದ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಕೋಳಿ ತತ್ತಿಯ ಬಿಳಿ ಲೋಳೆ ಬಳಿದ ಕಾಗದ, ಅದಕ್ಕೆ ಬೆಳ್ಳಿ ನೀರು, ಆಮೇಲೆ ಬಿಸಿಲು. ಜನ ನಗುತ್ತಿದ್ದರಂತೆ. ಆದರೆ ಆ ಕಂದು ಬಣ್ಣ, ಆ ಹೊಳಪು ಇನ್ನೆಲ್ಲಿಯೂ ಬರುತ್ತಿರಲಿಲ್ಲ ಎಂದು ನಕ್ಕವರೇ ಒಪ್ಪಿಕೊಳ್ಳುತ್ತಿದ್ದರು.

ಫೋಟೋ ತೆಗೆದವನು ದಾದಾಸಾಬ. ಕಾಗದ ಮಾಡಿದವಳು ರೋಶನಬಿ. ಗಂಡನ ಹೆಸರು ಹತ್ತೂರಿಗೆ ಗೊತ್ತಿತ್ತು, ಹೆಂಡತಿಯ ಹೆಸರು ಓಣಿ ದಾಟಿರಲಿಲ್ಲ. ಈ ಮಾತು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಆಕೆಗೆ ಬಂದದ್ದನ್ನು ನಾನು ನೋಡಲಿಲ್ಲ.

ಕೆಲಸ ಎರಡು ಕಂತಿನದು. ತತ್ತಿಯ ಬಿಳಿ ಲೋಳೆಗೆ ಉಪ್ಪು ಹಾಕಿ, ಹತ್ತಿಯಷ್ಟು ನೊರೆ ಬರುವವರೆಗೆ ಕಡೆದು, ತಿಳಿಯಾಗಲು ಬಿಟ್ಟು, ಸೋಸಿ, ಅದರ ಮೇಲೆ ತೆಳು ಕಾಗದವನ್ನು ತೇಲಿಸಿ ಒಣಗಿಸುವುದು ಮೊದಲ ಕಂತು. ಇಲ್ಲಿಯವರೆಗೆ ಅದು ಬರೀ ಕಾಗದ, ಟ್ರಂಕಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಎರಡನೆಯ ಕಂತು ಫೋಟೋ ಇಳಿಸುವ ದಿನದ್ದು. ಆಗ ಅದೇ ಕಾಗದವನ್ನು, ಲೋಳೆಯ ಮುಖ ಕೆಳಗೆ ಮಾಡಿ, ಪಿಂಗಾಣಿ ತಟ್ಟೆಯಲ್ಲಿನ ಬೆಳ್ಳಿ ನೀರಿನ ಮೇಲೆ ತೇಲಬಿಡಬೇಕು. ಅಲ್ಲಿಂದ ಕಾಗದಕ್ಕೆ ಕಣ್ಣು ಬರುತ್ತದೆ, ಬೆಳಕನ್ನು ಕಂಡರೆ ಕಪ್ಪಾಗುತ್ತದೆ, ಆ ನೀರು ತಾಗಿದ ಬೆರಳೂ ಹಾಗೆಯೇ. ಅದಕ್ಕೇ ಈ ಕೆಲಸ ಕತ್ತಲ ಕೋಣೆಯಲ್ಲಿ. ಕಿಂಡಿಗೆ ಅರಿಷಿಣದಲ್ಲಿ ಅದ್ದಿದ ದಪ್ಪ ಬಟ್ಟೆ ಕಟ್ಟಿರುತ್ತಿದ್ದರು, ಆ ಹಳದಿ ಬೆಳಕು ಕಾಗದಕ್ಕೆ ನಾಟುವುದಿಲ್ಲ. ಬೆಳ್ಳಿ ಕುಡಿದ ಕಾಗದವನ್ನು ಒಣಗಿಸಿ ಆ ದಿನವೇ ಬಳಸಬೇಕು, ಮರುದಿನಕ್ಕೆ ಹಳದಿಯಾಗಿ ಕೆಡುತ್ತದೆ.

ಕಾಗದ ಎಷ್ಟು ಹೊತ್ತು ತೇಲಬೇಕು ಎನ್ನುವುದರಲ್ಲಿಯೇ ಎಲ್ಲ ಜಾಣತನ. ಬೇಗ ಎತ್ತಿದರೆ ಮುಖದ ಮೇಲೆ ಸಿಡುಬಿನ ಕಲೆ ಬಿದ್ದಂತೆ ಕಾಣುತ್ತದೆ. ತಡವಾದರೆ ಚಿತ್ರ ಒಳಗೆ ಇಳಿದು ಮಂಕಾಗುತ್ತದೆ. ಸುಮಾರು ಮೂರು ನಿಮಿಷ ಎನ್ನಬಹುದು, ಬೇಸಿಗೆಯಲ್ಲಿ ಕಡಿಮೆ, ಥಂಡಿಯಲ್ಲಿ ಹೆಚ್ಚು. ಇನ್ನೊಂದು ಕಟ್ಟುನಿಟ್ಟು ಇತ್ತು. ಕಾಗದದೊಳಗಿನ ಉಪ್ಪು ಬೇಕು, ಆದರೆ ತಟ್ಟೆಗೆ ಬಿದ್ದ ಉಪ್ಪು ಬೆಳ್ಳಿ ನೀರಿನ ವೈರಿ. ಉಗುಳಿನ ಒಂದು ಹನಿ ಸಿಡಿದರೂ ನೀರು ಹಾಲಿನಂತೆ ಒಡೆದು ಕಾಗದಕ್ಕೆ ಕಲೆ ಬೀಳುತ್ತದೆ. ಆದ್ದರಿಂದ ತಟ್ಟೆಯ ಮೇಲೆ ಬಗ್ಗಿದವರು ಬಾಯಿ ಬಿಡುವ ಹಾಗಿಲ್ಲ. ರೋಶನಬಿ ಸೆರಗನ್ನು ಮೂಗಿನ ಮೇಲೆ ಕಟ್ಟಿಕೊಂಡು, ಎಣಿಸದೆ, ಗೊಣಗದೆ, ಮೂಗಿಯಾಗಿ ನಿಲ್ಲುತ್ತಿದ್ದಳು. ಎಣಿಸುವವನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕುಳಿತ ದಾದಾಸಾಬ.

ಅವನು ಒಂದು, ಎರಡು ಎಂದು ಎಣಿಸುತ್ತಿರಲಿಲ್ಲ. ಹಾದಿ ಹೇಳುತ್ತಿದ್ದ. ಮನೆಯಿಂದ ಸೈಕಲ್ ಹತ್ತಿ ಹೊರಟು, ಒಂದೊಂದೇ ಊರು ದಾಟಿ, ಫೋಟೋ ಕೊಟ್ಟು, ನೀರು ಕುಡಿದು, ಕೊನೆಗೆ ನಿಡೋಣಿ ಮುಟ್ಟುತ್ತಿದ್ದ. ನಿಡೋಣಿ ಬಂತು ಎಂದೊಡನೆ ಒಳಗೆ ರೋಶನಬಿ ಕಾಗದದ ಮಡಿಸಿದ ಮೂಲೆ ಹಿಡಿದು ಎತ್ತುತ್ತಿದ್ದಳು. ಮುಂದಿನ ಹಾಳೆಗೆ ಅವನು ಮತ್ತೆ ಮನೆ ಬಿಡುತ್ತಿದ್ದ. ಒಂದು ಮುಂಜಾನೆಯಲ್ಲಿ ಹತ್ತು ಸಲ ನಿಡೋಣಿ ಕಂಡದ್ದೂ ಇದೆಯಂತೆ. ಮದುವೆಯಾದ ವರ್ಷದಿಂದ ಅವನು ಸಾಯುವವರೆಗೆ, ಮೂವತ್ತೆಂಟು ವರ್ಷ, ಓಣಿಯ ತುದಿಯ ಆಚೆ ಹೆಚ್ಚಾಗಿ ಕಾಲಿಡದ ಈ ಹೆಂಗಸು ಆ ಹಾದಿಯನ್ನು ಕತ್ತಲಲ್ಲಿ ನಿಂತು ತಿರುಗಿದಳು.

೧೯೬೯ರಲ್ಲಿ ದಾದಾಸಾಬ ಹೋದ. ಮಕ್ಕಳಿರಲಿಲ್ಲ. ಕೈಬಳೆ ಒಡೆದಾಗ ಅತ್ತಿರಲಿಲ್ಲವಂತೆ. ಎರಡು ತಿಂಗಳಿಗೆ ಉಗುರಿನ ಕೊನೆಯ ಕಪ್ಪೂ ಬೆಳೆದು ಹೊರಟುಹೋದಾಗ, ಹಿತ್ತಲಲ್ಲಿ ಕುಳಿತು ಅತ್ತಳಂತೆ. ತನ್ನ ಕೈ ತನಗೇ ಬೇರೆ ಯಾರದೋ ಎನ್ನಿಸುತ್ತದೆ ಎಂದು ರೋಶನಬಿಯೇ ಒಮ್ಮೆ ನನಗೆ ಹೇಳಿದ್ದುಂಟು.

ಆ ಮನೆಯಲ್ಲಿ ಸದ್ದೇ ಇರುತ್ತಿರಲಿಲ್ಲ. ಮಾಳಿಗೆಯ ಮೇಲೆ ಕುಳಿತರೆ ಕೆಳಗೆ ಆಕೆ ಲೋಟ ಇಡುವುದು, ಬಾಗಿಲು ಎಳೆಯುವುದು, ಒಂದೊಂದೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ನಾನು ಒಂಟಿ, ಆಕೆ ಒಂಟಿ, ನಡುವೆ ಹನ್ನೆರಡು ಮೆಟ್ಟಿಲು. ಮೊದಲ ವರ್ಷ ನಾವು ಆಡಿದ ಮಾತೆಲ್ಲ ಸೇರಿಸಿದರೂ ಒಂದು ಅಂತರ್ದೇಶೀಯ ಪತ್ರ ತುಂಬುತ್ತಿರಲಿಲ್ಲ. ಇನ್ನೊಬ್ಬರ ಮನೆಯ ದುಃಖದಲ್ಲಿ ಇಣುಕುವುದು ನನಗೆ ಸೇರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಸೋಮಾರಿತನ.

೧೯೭೨ರ ಕಾರ್ತಿಕದ ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಆಕೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಹಳೆಯ ಚಾದರದಲ್ಲಿ ಸುತ್ತಿದ ಒಂದು ಗಾಜಿನ ಪ್ಲೇಟು, ಕೈಯಲ್ಲಿ ಸ್ಟೇಷನ್ ಹತ್ತಿರದ ಒಂದು ಸ್ಟುಡಿಯೋದಲ್ಲಿ ಅದರಿಂದ ಇಳಿಸಿಕೊಟ್ಟ ಫೋಟೋ. ಫೋಟೋ ಎಂದರೆ ಸುಣ್ಣ ಮತ್ತು ಇದ್ದಿಲು, ಅಷ್ಟೇ. ಮುಖವಿರಬೇಕಾದ ಜಾಗದಲ್ಲಿ ಬಿಳಿ ತೇಪೆ, ಕಣ್ಣಿರಬೇಕಾದಲ್ಲಿ ಎರಡು ತೂತು. ಸ್ಟುಡಿಯೋದವನ ತಪ್ಪಲ್ಲ. ಇಷ್ಟು ದಟ್ಟವಾದ ಹಳೆಯ ಪ್ಲೇಟು ಈಗಿನ ಕಾಗದಕ್ಕೆ ಬಗ್ಗುವುದಿಲ್ಲ, ತತ್ತಿಯ ಕಾಗದವೇ ಬೇಕು ಎಂದು ಆಕೆಯೇ ತಿಳಿಸಿ ಹೇಳಿದಳು. ಪ್ಲೇಟಿನಲ್ಲಿದ್ದವನು ದಾದಾಸಾಬ. ಸಾವಿರಾರು ಜನರ ಫೋಟೋ ತೆಗೆದವನದು ಇದ್ದದ್ದು ಇದೊಂದೇ, ಅದನ್ನು ಯಾವತ್ತೂ ಕಾಗದಕ್ಕೆ ಇಳಿಸಿರಲಿಲ್ಲ.

ಅವಸರವೇನು ಎಂದು ನಾನು ಕೇಳಿದೆ.

"ಮುಖ ಮರ್ಯಾಕತ್ತೇನ್ರಿ ರಾಯರ," ಎಂದಳು. "ದನಿ ನೆನಪೈತಿ. ನಡಿಗಿ ನೆನಪೈತಿ. ಮುಖ ಮುಂಜಾನೆ ಒಂದಿರತೈತಿ, ಸಂಜಿಗೊಂದಿರತೈತಿ."

ಹಾಗಾದರೆ ನೀವೇ ಕಾಗದ ಮಾಡಿ ಇಳಿಸಿಕೊಳ್ಳಿ ಎಂದೆ, ಸಲಹೆ ಕೊಡುವುದು ಸುಲಭ. ಆಗ ಉಳಿದದ್ದನ್ನು ಹೇಳಿದಳು. ದಾದಾಸಾಬನಿದ್ದಾಗಲೇ ಲೋಳೆ ಬಳಿದಿಟ್ಟ ಐದು ಹಾಳೆಗಳು ಟ್ರಂಕಿನಲ್ಲಿದ್ದವು. ಎರಡನ್ನು ಹುಳ ತಿಂದಿತ್ತು. ಅಂಥ ತೆಳು ಕಾಗದ ಈಗ ಪೇಟೆಯಲ್ಲಿ ಸಿಗುವುದಿಲ್ಲ. ಹಿಂದಿನ ವರ್ಷ ಧೈರ್ಯ ಮಾಡಿ ಒಂದನ್ನು ಬೆಳ್ಳಿ ನೀರಿಗೆ ಬಿಟ್ಟಿದ್ದಳು. ಹಾದಿಯನ್ನು ಮನಸ್ಸಿನಲ್ಲಿಯೇ ಹೇಳಿಕೊಂಡಳು. ಅರ್ಧ ಹಾದಿ ಸಾಗುವುದರೊಳಗೆ ಕಣ್ಣೀರು ತಟ್ಟೆಗೆ ಬಿದ್ದು ನೀರು ಒಡೆಯಿತು.

"ಬಾಯಿ ಮುಚ್ಚಿಕೊಂಡಿದ್ದೆ ಖರೆ. ಕಣ್ಣು ಮುಚ್ಚಾಕ ಬರಲಿಲ್ಲ," ಎಂದಳು.

ಉಳಿದದ್ದು ಎರಡು ಹಾಳೆ. ನಾನು ನನ್ನ ಕೈಗಡಿಯಾರವನ್ನು ತೋರಿಸಿ, ಹೊರಗೆ ಕುಳಿತು ಸರಿಯಾಗಿ ನೂರೆಂಬತ್ತು ಎಣಿಸುತ್ತೇನೆ ಎಂದೆ. ಆಕೆ ಗಡಿಯಾರವನ್ನು ಮರ್ಯಾದೆಯಿಂದಲೇ ನೋಡಿ, "ಗಡಿಯಾರಕ್ಕ ಥಂಡಿ ಗೊತ್ತಾಗಂಗಿಲ್ರಿ," ಎಂದಳು. ಹೊರಗಿನವನ ಬಾಯಿಂದ ಹಾದಿ ಬಂದರೆ ಮಾತ್ರ ತನ್ನ ಕೈ ಏಳುತ್ತದೆ, ಬೇರೆ ಎಣಿಕೆ ಕೈಗೆ ತಿಳಿಯುವುದಿಲ್ಲ ಎನ್ನುವುದು ಆಕೆಯ ವಾದ. ಮೂವತ್ತೆಂಟು ವರ್ಷದ ಅಭ್ಯಾಸದ ಮುಂದೆ ನನ್ನ ವಾದ ನಿಲ್ಲಲಿಲ್ಲ. ಹಾದಿ ಕಲಿಸಿರಿ, ನಾನೇ ಹೇಳುತ್ತೇನೆ ಎಂದುಬಿಟ್ಟೆ.

ಕಲಿಸಿದಳು. ಒಂದು ವಾರ, ದೀಪ ಹಚ್ಚುವ ಹೊತ್ತಿಗೆ ನಾನು ಮೆಟ್ಟಿಲ ಮೇಲೆ, ಆಕೆ ಹೊಸ್ತಿಲ ಒಳಗೆ. ನಾನು ಬರೆದುಕೊಂಡೆ. ಅದರ ತುಂಡೊಂದು ಹೀಗಿತ್ತು:

"ಮನಿ ಬಿಟ್ಟೆ. ಕಟ್ಟಿ ಇಳದೆ. ಬಾವ್ಯಾಗ ಕೊಡ ಮುಳಗಸಾಕತ್ತಾರ. ಅಗಸಿ ದಾಟಿದೆ, ಬಿಸಲು ಬೆನ್ನಿಗೆ ಬಂತು. ಇಟ್ಟಂಗಿಹಾಳ ಬಂತು, ಕೆಂಪು ನಾಯಿ ಬೆನ್ನ ಹತ್ತಿತು, ಬಿಡತು. ಏರು ಬಂತು, ಸೈಕಲ್ ಇಳದೆ. ತಿಕೋಟಾ ಬಂತು. ಬಸಲಿಂಗಯ್ಯನವರ ಫೋಟೋ ಕೊಟ್ಟೆ, ಬೆಲ್ಲ ಕೊಟ್ರು. ಬಿಜ್ಜರಗಿ ಹಾದಿ ಹಿಡದೆ. ಕುರಿ ಅಡ್ಡ ಬಂದುವು, ಹಿಂಡು ಮುಗಿಯೂತನಕ ನಿಂತೆ. ಬಿಜ್ಜರಗಿ ಬಂತು. ಬಾಗಲಾಗ ಮುದುಕಿ ನಿಂತಾಳ. ಹೆಂಗದಾಳ ಅಂದಳು. ಚಲೋ ಅದಾಳ ಅಂದೆ. ರೊಟ್ಟಿ ಕಟ್ಟಿ ಕೊಟ್ಟಳು. ತಿರುಗಿ ತಿಕೋಟಾಕ್ಕ ಬಂದೆ."

ಹೀಗೆ ಬಬಲೇಶ್ವರ, ಆಮೇಲೆ ನಿಡೋಣಿ. ಪೂರ್ತಿ ಹಾದಿ ಇದರ ಮೂರು ಪಟ್ಟು ಇತ್ತು. ಬೇಸಿಗೆಯಲ್ಲಿ ಬಿಜ್ಜರಗಿಯ ಸುತ್ತು ಇರುವುದಿಲ್ಲ, ತಿಕೋಟಾದಿಂದ ನೆಟ್ಟಗೆ ಬಬಲೇಶ್ವರ. ಥಂಡಿಯಲ್ಲಿ ಬಿಜ್ಜರಗಿಗೆ ಹೋಗಿ ತಿರುಗಿ ಬರಬೇಕು. ಇದನ್ನು ಆಕೆ ಎರಡು ಸಲ ಹೇಳಿದಳು. ನಾನು ಎರಡು ಸಲವೂ ತಲೆಯಾಡಿಸಿದೆ.

ತಲೆಯಾಡಿಸಿದ ತಲೆಯೊಳಗೆ ಆಗಲೇ ಕೆಂಪು ಶಾಯಿ ಸಿದ್ಧವಾಗಿತ್ತು. ಬಬಲೇಶ್ವರಕ್ಕೆ ಹೊರಟವನು ತಿಕೋಟಾದಿಂದ ಬಿಜ್ಜರಗಿಗೆ ಹೋಗಿ ಮತ್ತೆ ತಿಕೋಟಾಕ್ಕೆ ಬರುವುದೆಂದರೆ ಏನು? ಟಪಾಲು ಚೀಲ ಹಾಗೆ ಸುತ್ತಿದರೆ ನಮ್ಮನ್ನು ಕೆಲಸದಿಂದ ತೆಗೆದುಹಾಕುತ್ತಾರೆ. ಮುಂದಿನ ಭಾನುವಾರ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಯಾರೂ ಹೇಳಿರಲಿಲ್ಲ, ನನ್ನ ಚಪಲ. ಬಸಲಿಂಗಯ್ಯನವರು ಇನ್ನೂ ಇದ್ದರು, ಅವರ ಪಡಸಾಲೆಯ ಗೋಡೆಯ ಮೇಲೆ ಅವರ ಮದುವೆಯ ಕಂದು ಫೋಟೋವೂ ಇತ್ತು. ನನಗೂ ಬೆಲ್ಲ, ನೀರು ಬಂತು. ದಾದಾಸಾಬ ಬಿಜ್ಜರಗಿಗೆ ಹೋಗುತ್ತಿದ್ದನೇ ಎಂದು ಕೇಳಿದೆ. ಅವರು ನಕ್ಕರು. ಬಿಜ್ಜರಗಿಯಲ್ಲಿ ಅವನಿಗೆ ಗಿರಾಕಿಗಳೇ ಇರಲಿಲ್ಲ, ಥಂಡಿ ಇರಲಿ ಬಿಸಿಲಿರಲಿ ಇಲ್ಲಿಂದ ನೆಟ್ಟಗೆ ಬಬಲೇಶ್ವರಕ್ಕೇ ಹೋಗುತ್ತಿದ್ದ ಎಂದರು.

ನಾನು ಗೆದ್ದವನಂತೆ ಮರಳಿದೆ. ಆ ಮುದುಕಿ ಯಾರು ಎಂದು ಕೇಳಬೇಕು ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಡಿಸೆಂಬರಿನ ಒಂದು ರಜೆಯ ದಿನ ಮುಂಜಾನೆ ರೋಶನಬಿ ಕೋಣೆ ಗುಡಿಸಿ, ಹೊಸದಾಗಿ ಅರಿಷಿಣದಲ್ಲಿ ಅದ್ದಿದ ಬಟ್ಟೆ ಕಟ್ಟಿ, ಸೆರಗು ಬಿಗಿದುಕೊಂಡು ಒಳಗೆ ಹೋದಳು. ಹೋಗುವಾಗ ಸ್ಟೂಲಿನ ಧೂಳನ್ನು ತಾನೇ ಒರೆಸಿ ನನಗೆ ಕೂಡಲು ಹೇಳಿದಳು. ಬಾಗಿಲು ಮುಚ್ಚಿತು. ಒಳಗಿನಿಂದ ಒಮ್ಮೆ ತಟ್ಟಿದ ಸದ್ದಾಯಿತು. ಕಾಗದ ನೀರಿಗೆ ಇಳಿದಿದೆ ಎಂದು ಅರ್ಥ.

ನಾನು ಮನೆ ಬಿಟ್ಟೆ. ಅಗಸಿ ದಾಟಿದೆ. ಇಟ್ಟಂಗಿಹಾಳ, ನಾಯಿ, ಏರು ಎಲ್ಲ ಬಂದವು. ತಿಕೋಟಾ ಬಂತು, ಬೆಲ್ಲ ಕೊಟ್ಟರು. ಅಲ್ಲಿ ನಾನು ಬಿಜ್ಜರಗಿಯನ್ನು ಬಿಟ್ಟೆ. ಬಬಲೇಶ್ವರ ಬಂತು ಎಂದೆ, ಬಿಟ್ಟ ಹೊತ್ತನ್ನು ತುಂಬಲು ಸಂತೆಯಲ್ಲಿ ಒಂದೆರಡು ಮಾತು ಸೇರಿಸಿದೆ, ನಿಡೋಣಿ ಬಂತು ಎಂದೆ. ನನ್ನ ಲೆಕ್ಕದಲ್ಲಿ ಎಲ್ಲ ಸರಿಹೋಗಿತ್ತು.

ಒಳಗೆ ಕಾಗದ ಎತ್ತಿದ ಸದ್ದು, ಹನಿ ಬಿದ್ದ ಸದ್ದು. ಆಮೇಲೆ ಬಾಗಿಲ ಹಿಂದಿನಿಂದಲೇ ಮಾತು ಬಂತು.

"ಬಿಜ್ಜರಗಿ ಎಲ್ಲಿ ಬಿಟ್ರಿ?"

ನಾನು ವಿವರಿಸಿದೆ. ಬಸ್ಸಿನಲ್ಲಿ ಹೋದದ್ದು, ಬಸಲಿಂಗಯ್ಯನವರನ್ನು ಕಂಡದ್ದು, ದಾದಾಸಾಬ ಬಿಜ್ಜರಗಿಗೆ ಹೋಗುತ್ತಲೇ ಇರಲಿಲ್ಲವೆಂಬುದು, ಆದ್ದರಿಂದ ಹಾದಿಯನ್ನು ಸರಿಪಡಿಸಿದ್ದು. ಮಾತಿನ ನಡುವೆಯೇ ನನ್ನ ದನಿ ಇಳಿಯತೊಡಗಿತು. ಬಾಗಿಲು ತೆರೆಯಿತು. ಕಾಗದದ ಮಡಿಸಿದ ಮೂಲೆಯನ್ನು ಕತ್ತರಿಸಿ ಬಿಸಿಲಿಗಿಟ್ಟು ನೋಡುವುದು ಆಕೆಯ ರೂಢಿ. ಚೆನ್ನಾಗಿ ಬೆಳ್ಳಿ ಕುಡಿದಿದ್ದರೆ ತುಂಡು ಒಂದೇ ಸಮ ಗಾಢ ಕಂದು ಆಗುತ್ತದೆ. ನಮ್ಮ ತುಂಡು ಅಲ್ಲಲ್ಲಿ ಕಂದಾಗಿ, ಅಲ್ಲಲ್ಲಿ ಬಿಳಿಚಿಕೊಂಡು, ತೊನ್ನು ಹತ್ತಿದ ಹಾಗಾಯಿತು. ಆ ಕಾಗದವನ್ನು ಆಕೆ ಪ್ಲೇಟಿನ ಹತ್ತಿರವೂ ಒಯ್ಯಲಿಲ್ಲ.

ನಾನು ತಪ್ಪಾಯಿತು ಎಂದೆ. ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಕಟ್ಟೆಯ ಮೇಲೆ ಕುಳಿತು, ಆ ತುಂಡನ್ನು ಕೈಯಲ್ಲಿ ತಿರುವುತ್ತ, ಮೊದಲ ಸಲ ನನ್ನನ್ನು ತಮ್ಮಾ ಎಂದು ಕರೆದಳು.

"ಬಿಜ್ಜರಗಿ ನನ್ನ ತವರ ಮನಿ, ತಮ್ಮಾ. ಬಾಗಲಾಗ ನಿಂತಾಕಿ ನಮ್ಮವ್ವ. ಅವ್ರು ಅಲ್ಲಿಗೆ ಹೋಗತಿರಲಿಲ್ಲ ಅನ್ನೂದು ನನಗ ಗೊತ್ತಿಲ್ಲೇನು?"

ಉಳಿದದ್ದನ್ನು ತಡೆತಡೆದು ಹೇಳಿದಳು. ಹದಿನಾಲ್ಕನೆಯ ವಯಸ್ಸಿಗೆ ಬಂಡಿಯಲ್ಲಿ ಬಂದವಳು, ತವರಿಗೆ ಮರಳಿ ಹೋದದ್ದು ಎರಡೇ ಸಲ, ಎರಡನೆಯ ಸಲ ತಾಯಿಯ ಮಣ್ಣಿಗೆ. ಮಣ್ಣು ಮುಗಿಸಿ ಬಂದ ಆ ಥಂಡಿಯಲ್ಲಿ, ಮೊದಲ ದಿನ ಕಾಗದ ತೇಲಿಸಲು ನಿಂತಾಗ ಹೊತ್ತು ಸಾಲುತ್ತಿರಲಿಲ್ಲ. ಹಾದಿ ಉದ್ದ ಮಾಡಬೇಕಿತ್ತು. ಹೊರಗೆ ಕುಳಿತ ದಾದಾಸಾಬ ತಿಕೋಟಾ ಮುಟ್ಟಿದವನು ಬಿಜ್ಜರಗಿ ಹಾದಿ ಹಿಡಿದೆ ಎಂದನಂತೆ. ಅವತ್ತಿನಿಂದ ಪ್ರತಿ ಥಂಡಿಯಲ್ಲಿಯೂ, ಪ್ರತಿ ಹಾಳೆಗೂ ಒಂದು ಸಲ, ಅವನು ಹೆಂಡತಿಯನ್ನು ತವರಿಗೆ ಕರೆದುಕೊಂಡು ಹೋದ. ಸತ್ತ ಅತ್ತೆಯನ್ನು ಅಷ್ಟು ವರ್ಷ ಬಾಗಿಲಲ್ಲಿ ನಿಲ್ಲಿಸಿಟ್ಟ. ಇಬ್ಬರೂ ಅದರ ಬಗ್ಗೆ ಎದುರುಬದುರು ಒಂದು ದಿನವೂ ಮಾತಾಡಲಿಲ್ಲವಂತೆ.

ಅದನ್ನು ನಾನು ಕೆಂಪು ಶಾಯಿಯಿಂದ ಹೊಡೆದು ಹಾಕಿದ್ದೆ. ಆಕೆ ಕತ್ತಲಲ್ಲಿ ಬಿಜ್ಜರಗಿಗಾಗಿ ಕಾಯುತ್ತ ನಿಂತಿದ್ದಾಗ ನಾನು ಬಬಲೇಶ್ವರದ ಸಂತೆಯಲ್ಲಿ ಗದ್ದಲ ಮಾಡುತ್ತಿದ್ದೆ. ಮಾಳಿಗೆಗೆ ಹೋಗಿ ಕುಳಿತೆ, ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ತಪ್ಪು ಮಾಡಿದವನಿಗೆ ಏನಾದರೂ ಮಾಡಿ ತೀರಿಸುವ ಅವಸರ. ಮರುವಾರ, ನಡೆಯಿರಿ ಚಾಚಿ, ಬಸ್ಸಿನಲ್ಲಿ ಬಿಜ್ಜರಗಿಗೆ ಕರೆದುಕೊಂಡು ಹೋಗುತ್ತೇನೆ, ಸಂಜೆಗೆ ತಿರುಗಿ ಬರೋಣ ಎಂದೆ. ಆಕೆ ನನ್ನನ್ನು ಮಗುವನ್ನು ನೋಡಿದ ಹಾಗೆ ನೋಡಿದಳು. ಆ ಬಿಜ್ಜರಗಿಯಲ್ಲಿ ಈಗ ಯಾರಿದ್ದಾರೆ, ಮನೆ ಬಿದ್ದು ಯಾರದೋ ದ್ರಾಕ್ಷಿ ತೋಟವಾಗಿದೆಯಂತೆ ಎಂದಳು. ತನ್ನ ತಾಯಿ ನಿಂತ ಬಿಜ್ಜರಗಿ ಬಸ್ಸು ಹೋಗುವ ಊರಲ್ಲ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಆಮೇಲೆ ತಿಂಗಳು ಕಳೆದರೂ ಆಕೆ ಕೊನೆಯ ಹಾಳೆಯ ಸುದ್ದಿ ತೆಗೆಯಲಿಲ್ಲ. ನಾನು ಕೇಳುವ ಮುಖ ಉಳಿಸಿಕೊಂಡಿರಲಿಲ್ಲ. ಸಂಜೆ ಮೆಟ್ಟಿಲು ಹತ್ತುವಾಗ, ಇವತ್ತು ಆಕೆಯ ನೆನಪಿನಲ್ಲಿ ದಾದಾಸಾಬನ ಮುಖ ಎಷ್ಟು ಅಳಿಸಿತೋ ಎಂದು ಒಂದೇ ಯೋಚನೆ. ಜನವರಿಯ ಕೊನೆಗೆ ಒಂದು ಮುಂಜಾನೆ ಆಕೆಯೇ ಕೆಳಗಿನಿಂದ ಕೂಗಿದಳು. ಟ್ರಂಕು ತೆರೆದು ನೋಡಿದರೆ ಕೊನೆಯ ಹಾಳೆಯ ಅಂಚಿಗೂ ಹುಳ ಹತ್ತಿತ್ತು.

"ಇನ್ನ ತಡ ಮಾಡಿದ್ರ ಹುಳದ ಹೊಟ್ಟಿ ಸೇರತೈತಿ," ಎಂದಳು. "ಕೂಡು. ಹೆಂಗ ಬರಕೊಂಡೀಯೋ ಹಂಗ ಹೇಳು."

ಕುಳಿತೆ. ಹಾದಿ ಬರೆದುಕೊಂಡ ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿದೆ, ಈಗ ನನಗೆ ಅದು ಬೇಕಾಗಿರಲಿಲ್ಲ. ಒಳಗಿನಿಂದ ತಟ್ಟಿದ ಸದ್ದಾಯಿತು. ಮನೆ ಬಿಟ್ಟೆ, ಕಟ್ಟೆ ಇಳಿದೆ. ಒಂದೊಂದು ಮಾತಿನ ನಡುವೆ ಸೈಕಲ್ ತುಳಿಯುವಷ್ಟು ಬಿಡುವು ಕೊಟ್ಟೆ. ಕೆಂಪು ನಾಯಿ ಬೆನ್ನು ಹತ್ತಿತು, ಬಿಟ್ಟಿತು. ಬಸಲಿಂಗಯ್ಯನವರು ಬೆಲ್ಲ ಕೊಟ್ಟರು. ಬಿಜ್ಜರಗಿ ಹಾದಿ ಹಿಡಿದೆ. ಕುರಿ ಅಡ್ಡ ಬಂದವು, ನಿಂತೆ. ಅಂದು ಥಂಡಿ ಜಾಸ್ತಿ ಇತ್ತೋ ಕಡಿಮೆ ಇತ್ತೋ ಗೊತ್ತುಮಾಡುವ ಚರ್ಮ ನನ್ನದಲ್ಲ. ಆದರೂ ಹಿಂಡು ದೊಡ್ಡದಾಗಿತ್ತು ಎಂದುಕೊಂಡು ಸ್ವಲ್ಪ ಹೆಚ್ಚೇ ನಿಂತೆ. ಬಿಜ್ಜರಗಿ ಬಂತು. ಬಾಗಿಲಲ್ಲಿ ಮುದುಕಿ ನಿಂತಿದ್ದಳು. ಹೆಂಗದಾಳ ಎಂದು ಕೇಳಿದಳು.

ಮೂರು ಶಬ್ದದ ಉತ್ತರ. ಗಂಡ ಸತ್ತು, ಮಕ್ಕಳಿಲ್ಲದೆ, ಕೈಯ ಕಪ್ಪೂ ಕಳೆದುಕೊಂಡು, ಕತ್ತಲಲ್ಲಿ ಬಾಯಿಗೆ ಸೆರಗು ಕಟ್ಟಿ ನಿಂತವಳು ಮರದ ಹಲಗೆಯ ಆಚೆ ಇದ್ದಳು. ಹೇಳಲೇಬೇಕಿತ್ತು. ಚಲೋ ಅದಾಳ ಅಂದೆ ಎಂದೆ. ರೊಟ್ಟಿ ಕಟ್ಟಿಸಿಕೊಂಡು ತಿರುಗಿ ತಿಕೋಟಾಕ್ಕೆ ಬಂದು, ಬಬಲೇಶ್ವರ ಹಾದು, ನಿಡೋಣಿ ಮುಟ್ಟುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಕತ್ತರಿಸಿದ ಮೂಲೆ ಬಿಸಿಲಿನಲ್ಲಿ ಒಂದೇ ಸಮ, ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತು. ಆಕೆ ಅದನ್ನು ನನ್ನ ಅಂಗೈಯಲ್ಲಿಟ್ಟಳು.

ಕಾಗದ ಒಣಗಿದ ಮೇಲೆ ಪ್ಲೇಟಿಗೆ ಅದರ ಮುಖ ಹೊಂದಿಸಿ, ಮರದ ಚೌಕಟ್ಟಿನಲ್ಲಿ ಬಿಗಿದು ಮಾಳಿಗೆಯ ಬಿಸಿಲಿಗಿಟ್ಟಳು. ಚೌಕಟ್ಟಿನ ಹಿಂಬದಿಗೆ ಎರಡು ಅರ್ಧ ಬಾಗಿಲು. ಚಿತ್ರ ಎಷ್ಟು ಬಂತೆಂದು ನೋಡಲು ಒಂದನ್ನು ತೆರೆದರೆ ಇನ್ನೊಂದು ಕಾಗದವನ್ನು ಅಲುಗದಂತೆ ಹಿಡಿದಿರುತ್ತದೆ. ಅರ್ಧ ತಾಸಿನಲ್ಲಿ ಆಕೆ ನಾಲ್ಕು ಸಲ ತೆರೆದು ನೋಡಿದಳು. ನಾಲ್ಕು ಸಲವೂ ಕಾಲಿನ ಕಡೆಯ ಅರ್ಧವನ್ನೇ. ಮಂಡಿಯ ಮೇಲಿಟ್ಟ ಎರಡು ಕೈ ಕಂಡವು. ಮುಖದ ಕಡೆಯದನ್ನು ಮುಟ್ಟಲಿಲ್ಲ.

ಚಿತ್ರ ಮುಂದೆ ಕಪ್ಪಾಗದಂತೆ ತಡೆಯುವ ಹೈಪೋ ನೀರಿನಲ್ಲಿ ಹಾಕಿದ ಮೇಲೆ ಬಹಳ ನೀರಿನಲ್ಲಿ ತೊಳೆಯಬೇಕು. ಅದು ಬರದ ವರ್ಷ, ಓಣಿಗೆ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ. ನನ್ನ ಪಾಲಿನ ಎರಡು ಕೊಡಗಳನ್ನು ತಂದು ಸುರಿದೆ. ನಾಲ್ಕು ದಿನ ಸ್ನಾನವಿಲ್ಲದೆ ಕಚೇರಿಗೆ ಹೋದೆ.

ಸಂಜೆ ಒದ್ದೆ ಫೋಟೋವನ್ನು ಕಟ್ಟೆಯ ಮೇಲೆ ಬಿಳಿ ಬಟ್ಟೆಯ ಮೇಲೆ ಹಾಸಿ, ಆಮೇಲೆ ನನ್ನನ್ನು ಕರೆದಳು. ಆಕೆಯ ಬೆರಳ ತುದಿಗಳು ಕಪ್ಪಾಗಿದ್ದವು. ಫೋಟೋದಲ್ಲಿ ಇಪ್ಪತ್ತೈದರ ಒಬ್ಬ ತೆಳ್ಳನೆಯ ಮನುಷ್ಯ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಟೋಪಿ, ಅಂಗಿಯ ಗುಂಡಿ, ಹುಬ್ಬಿನ ಕೂದಲು, ಎಲ್ಲ ಎಣಿಸುವ ಹಾಗೆ ಸ್ಪಷ್ಟ. ಕಣ್ಣು ನೇರವಾಗಿ ನೋಡುತ್ತಿದ್ದವು. ಬಾಯಿ ಮಾತ್ರ ಇರಲಿಲ್ಲ. ಮೂಗಿನ ಕೆಳಗೆ ಗದ್ದದವರೆಗೆ ಬರೀ ಮಂಜು, ಯಾರೋ ಹೆಬ್ಬೆರಳಿನಿಂದ ಉಜ್ಜಿದ ಹಾಗೆ.

ಈ ಸಲವೂ ನಾನೇ ಎಲ್ಲೋ ಕೆಡಿಸಿದೆ, ಕುರಿ ಹಿಂಡಿನಲ್ಲಿ ಹೆಚ್ಚು ನಿಂತೆ ಎಂದು ತೊದಲತೊಡಗಿದೆ. ರೋಶನಬಿ ನಕ್ಕಳು. ಆಕೆ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಆ ಪ್ಲೇಟು ತೆಗೆದವಳು ತಾನೇ ಎಂದಳು. ಮದುವೆಯಾದ ಮೂರನೆಯ ವರ್ಷ, ಇದೇ ಅಂಗಳದಲ್ಲಿ. ದಾದಾಸಾಬ ಎಲ್ಲ ಹೊಂದಿಸಿ, ಕ್ಯಾಮರಾದ ಮುಚ್ಚಳವನ್ನು ಆಕೆಯ ಕೈಗೆ ಕೊಟ್ಟು, ತೆಗೆದು ಹಾದಿ ಹೇಳು, ಇಟ್ಟಂಗಿಹಾಳ ಬರುತ್ತಲೇ ಮುಚ್ಚು ಎಂದು ಹೋಗಿ ಕುಳಿತ. ಆಕೆ ಮುಚ್ಚಳ ತೆಗೆದಳು. ಗಂಡನ ಕಣ್ಣು ತನ್ನನ್ನೇ ನೋಡುತ್ತಿತ್ತು. ನಾಚಿಕೆಯಲ್ಲಿ ಒಂದು ಮಾತೂ ನೆನಪಾಗಲಿಲ್ಲ, ಮನೆ ಬಿಟ್ಟೆ ಎನ್ನುವುದು ಕೂಡ. ಅಲುಗಬಾರದವನು ಎಷ್ಟು ಹೊತ್ತು ತಡೆದಾನು? ಸದ್ದಿಲ್ಲದೆ, ತುಟಿಯಲ್ಲಿಯೇ, ಹಾದಿಯನ್ನು ಆಕೆಗೆ ಹೇಳಿಕೊಡತೊಡಗಿದ. ಪ್ಲೇಟು ತೊಳೆದಾಗ ಬಾಯಿ ಅಲುಗಿದೆ, ಕೆಟ್ಟಿತು, ಕೆರೆದು ಗಾಜು ಉಳಿಸಿಕೋ ಎಂದ. ಆಕೆ ಕೆರೆಯದೆ ಚಾದರದಲ್ಲಿ ಸುತ್ತಿ ಬಚ್ಚಿಟ್ಟಳು. ಅವನು ಸಾಯುವವರೆಗೂ ಅದಿರುವುದು ಅವನಿಗೆ ತಿಳಿಯಲಿಲ್ಲ.

ಕಪ್ಪು ಬೆರಳನ್ನು ಆ ಮಂಜಿನ ಹತ್ತಿರ ಒಯ್ದು, ಮುಟ್ಟದೆ ಹಿಡಿದಳು.

"ಹೇಳಾಕತ್ತಾರ ನೋಡು. ಇಟ್ಟಂಗಿಹಾಳ ಸೈತ ಇನ್ನಾ ಬಂದಿಲ್ಲ. ಬಿಜ್ಜರಗಿ ದೂರ ಐತಿ."

ಮುಖದಲ್ಲಿ ಸಂತೋಷವೇ ಇತ್ತು. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲು ಹತ್ತಿ ಮಾಳಿಗೆಯ ಕಟ್ಟೆಗೆ ಒರಗಿ ನಿಂತೆ. ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು.

ಕೆಳಗೆ ಅಂಗಳದಲ್ಲಿ ರೋಶನಬಿ, ಫೋಟೋ ಒಣಗಿದ ಮೇಲೆ ಅದನ್ನೆತ್ತಿಕೊಂಡು ಕತ್ತಲ ಕೋಣೆಯ ಕಡೆ ಹೋದಳು. ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಅದನ್ನು ಗೋಡೆಗೆ ಒರಗಿಸಿ ಕೂಡಿಸಿದಳು. ಸೆರಗನ್ನು ಮೂಗಿನ ಮೇಲೆ ಕಟ್ಟಿಕೊಂಡಳು. ಆಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು, ಒಮ್ಮೆ ತಟ್ಟಿದಳು.

ಒಳಗೆ ಕಾಗದವಿರಲಿಲ್ಲ. ತಟ್ಟೆಯನ್ನು ಬೆಳಿಗ್ಗೆಯೇ ತೊಳೆದು ಡಬ್ಬು ಹಾಕಿದ್ದಳು. ಆಕೆ ಎಷ್ಟು ಹೊತ್ತಿಗೆ ಹೊರಗೆ ಬಂದಳೋ ನನಗೆ ತಿಳಿಯದು. ಗಡಿಯಾರ ಕೈಯಲ್ಲಿಯೇ ಇತ್ತು, ನಾನು ನೋಡಲಿಲ್ಲ.